ಹೇಮಪ್ಪ ಮಳಿ ಇಲ್ಲ ಅಂದಾನ

ನಮ್ಮೂರು ಡೋಣಿಯಲ್ಲಿ ಬರೀ ಹೇಮಪ್ಪ ಎಂದು ಕೂಗಿದರೆ ಮೂವರು ತಿರುಗಿ ನೋಡುತ್ತಾರೆ. ಮಳಿ ಹೇಮಪ್ಪ ಎಂದರೆ ನಾನೊಬ್ಬನೇ. ಈ ಬಿರುದನ್ನು ಯಾರೂ ಶಾಲು ಹೊದಿಸಿ ಕೊಟ್ಟದ್ದಲ್ಲ, ನಾನೇ ಬಾಯಿ ಸವೆಸಿ ಸಂಪಾದಿಸಿದ್ದು. ಸಂಜೆಯಾದರೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು, ಕಪ್ಪತಗುಡ್ಡದ ಕಡೆ ಮುಖ ಮಾಡಿ, ನಾಳೆ ಮಳೆ ಬರುತ್ತದೋ ಇಲ್ಲವೋ ಹೇಳುವುದು ನನ್ನ ಕೆಲಸ. ಯಾರೂ ಕೇಳದಿದ್ದರೂ ಹೇಳುತ್ತೇನೆ.

ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳು ಬಂದ ಮೇಲಂತೂ ನನ್ನ ವಿದ್ಯೆಗೆ ಕೋಡು ಮೂಡಿತು. ಊರಿನ ಅರ್ಧ ಜನ ಆ ಫ್ಯಾನುಗಳೇ ಮೋಡ ಓಡಿಸುತ್ತವೆ ಎಂದು ಬೈಯುತ್ತಿದ್ದರೆ, ನಾನು ಮಾತ್ರ ಅವು ಯಾವ ದಿಕ್ಕಿಗೆ ಮುಖ ಮಾಡಿವೆ ಎಂದು ನೋಡಿ ಮಳೆ ಹೇಳುವುದನ್ನು ಕಲಿತೆ. ಕಲಿಸಿದವರು ಯಾರೂ ಇಲ್ಲ, ನನ್ನದೇ ತಲೆ. ಒಂದು ವರ್ಷ ಅಂಚಿನ ಫ್ಯಾನೊಂದು ದಿನಗಟ್ಟಲೆ ಪಡುವಣಕ್ಕೆ ಮುಖ ಮಾಡಿ ಅಲ್ಲಾಡದೆ ನಿಂತಿತ್ತು. ದೊಡ್ಡ ಮಳೆ ಬರುತ್ತದೆ ಎಂದು ಊರೆಲ್ಲ ಸಾರಿದೆ. ಆಮೇಲೆ ತಿಳಿಯಿತು, ಅದು ಕೆಟ್ಟು ನಿಂತಿತ್ತು, ರಿಪೇರಿಯವರು ಇನ್ನೂ ಬಂದಿರಲಿಲ್ಲ.

ಹಾಗಂತ ನಾನು ಹುಟ್ಟಾ ಸುಳ್ಳನಲ್ಲ. ಒಂದು ಕಾಲಕ್ಕೆ ನಾನು ಹೇಳಿದ್ದು ಆಗುತ್ತಿತ್ತು. ‘ರೋಹಿಣಿ ಮಳಿ ಆದ್ರ ಓಣಿ ತುಂಬ ಜೋಳ’, ‘ಆದರ ಆರಿದ್ರಾ, ಇಲ್ಲದಿದ್ರ ದರಿದ್ರ’ ಎಂದು ಅಪ್ಪ ಹೇಳಿಕೊಟ್ಟಿದ್ದನ್ನೇ ಒಪ್ಪಿಸಿದರೂ ಸಾಕಿತ್ತು, ಮಳೆಯೇ ಬಂದು ನನ್ನ ಮಾನ ಕಾಯುತ್ತಿತ್ತು. ಈಗ ಆ ಮಳೆಗಳಿಗೆ ತಮ್ಮ ಹೆಸರೇ ಮರೆತು ಹೋಗಿದೆ. ಬರಬೇಕಾದಾಗ ಬೆಂಕಿಯಂಥ ಬಿಸಿಲು, ಬೇಡವೆಂದಾಗ ಹಗಲೂ ರಾತ್ರಿ ಜಿಟಿಜಿಟಿ. ‘ಮಘಿ ಮಳಿ ಬಂದಷ್ಟೂ ಛಲೋ, ಮನಿ ಮಗ ಉಂಡಷ್ಟೂ ಛಲೋ’ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ನಮ್ಮ ಎರೆಹೊಲದಲ್ಲಿ ಹೆಸರುಕಾಳು ಬಿತ್ತಿರಲಿಕ್ಕಿಲ್ಲ. ಹೆಸರಿನ ಕಾಯಿ ಬಲಿತು ಕಪ್ಪಾಗುವುದಕ್ಕೂ ಮಘೆ ಜಡಿ ಹಿಡಿಯುವುದಕ್ಕೂ ಈಗ ಸರಿಹೋಗುತ್ತಿದೆ. ಬಿಡಿಸುವುದು ತಡವಾದರೆ ಗಿಡದಲ್ಲೇ ಕಾಳು ಮೊಳಕೆ ಒಡೆಯುತ್ತದೆ. ಹೀಗಿದ್ದರೂ ನಾನು ಬಾಯಿ ಮುಚ್ಚಲಿಲ್ಲ. ಮಳೆಯ ಲೆಕ್ಕ ತಪ್ಪಿದ್ದಕ್ಕೆ ಮಳೆಯನ್ನು ಬೈದೆನೇ ಹೊರತು ನನ್ನನ್ನು ನಾನು ಬೈದುಕೊಳ್ಳಲಿಲ್ಲ.

ನನ್ನ ನಿಜವಾದ ಬೆಲೆ ಗೊತ್ತಾಗಿದ್ದು ಈ ವರ್ಷ, ಅಝೀಮನ ಕಟಿಂಗ್ ಅಂಗಡಿಯಲ್ಲಿ. ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಕುತ್ತಿಗೆ ಮೇಲಕ್ಕೆತ್ತಿ ಕಣ್ಣು ಮುಚ್ಚಿ ಕೂತಿದ್ದೆ. ನಮ್ಮ ಓಣಿಯ ಕಳಕಪ್ಪ ಮತ್ತು ಮೈಲಾರಲಿಂಗಪ್ಪ ಬಂದು ಬೆಂಚಿನ ಮೇಲೆ ಕೂತರು. ನೊರೆಯೊಳಗೆ ಇರುವವನು ನಾನು ಎಂದು ಅವರಿಗೆ ಗೊತ್ತಾಗಲಿಲ್ಲ.

“ಹೆಸರಿಗೆ ಹುಳ ಬಿದ್ದೈತಿ, ಹುಳಾ ಸಾಯೂ ಎಣ್ಣಿ ಹೊಡಿಬೇಕಿತ್ತು. ಮಳಿ ಬಂದ್ರ ಎಲ್ಲಾ ತೊಳಕೊಂಡ ಹೊಕ್ಕೈತಿ,” ಎಂದ ಕಳಕಪ್ಪ.

“ಹೇಮಪ್ಪ ಏನಂದಾನ?” ಮೈಲಾರಲಿಂಗಪ್ಪ ಕೇಳಿದ.

ನನ್ನ ಎದೆ ಉಬ್ಬಿತು. ನೋಡಿ, ನನ್ನನ್ನು ಕೇಳದೆ ಊರಲ್ಲಿ ಹುಳಕ್ಕೂ ಸಾವಿಲ್ಲ.

“ನಾಳಿಗೆ ಜಬರದಸ್ತ ಮಳಿ ಅಂದಾನ.”

“ಅಂದಾನಲ್ಲ? ಹಂಗಾರ ಹೆದರಬ್ಯಾಡ. ನಾಳೆ ಮುಂಜಾನೆ ಹೊಡದಬಿಡು.”

ಅಝೀಮ ಕೆಮ್ಮಿದ. ಇಬ್ಬರಿಗೂ ಅರ್ಥವಾಗಲಿಲ್ಲ. ಕಳಕಪ್ಪ ಮುಂದುವರಿಸಿದ, “ದೇವರ ದೊಡ್ಡವ ನೋಡು. ಮೊಬೈಲ ಒಮ್ಮೆ ಖರೆ ಒಮ್ಮೆ ಸುಳ್ಳ ಹೇಳತೈತಿ, ನಂಬಾಕ ಆಗೂದಿಲ್ಲ. ನಮ್ಮ ಹೇಮಪ್ಪ ಹಂಗಲ್ಲ. ಯಾವತ್ತೂ ಸುಳ್ಳ. ಉಲ್ಟಾ ಹಿಡದ್ರ ಆತು.”

ಎದ್ದು ಇಬ್ಬರ ಕಪಾಳಕ್ಕೂ ಬಿಗಿಯಬೇಕು ಅನ್ನಿಸಿತು. ಆದರೆ ಅಝೀಮನ ಕತ್ತಿ ನನ್ನ ಗಂಟಲ ಮೇಲಿತ್ತು. ಎಂಥ ಸಿಟ್ಟಿನ ಮನುಷ್ಯನಾದರೂ ಅಂಥ ಹೊತ್ತಿನಲ್ಲಿ ತಾಳ್ಮೆ ಕಲಿಯುತ್ತಾನೆ. ಅವರು ಚಹಾ ಕುಡಿಯಲು ಎದ್ದು ಹೋದ ಮೇಲೆ ನೊರೆ ಒರೆಸಿಕೊಂಡು ಅಝೀಮನನ್ನು ಹಿಡಿದೆ.

“ಎಷ್ಟ ವರ್ಷದಿಂದ ನಡದೈತಲೇ ಇದು?”

“ಮನಸಿಗೆ ಹಚ್ಚಿಕೋಬ್ಯಾಡ್ರಿ ಕಾಕಾ,” ಎಂದ ಅವನು, ಕತ್ತಿ ತೊಳೆಯುತ್ತ. “ನಿಮ್ಮಿಂದ ಊರಿಗೆ ಉಪಕಾರನ ಆಗೈತಿ.”

ಮನೆಗೆ ಬಂದು ಹೆಂಡತಿ ಅಮೃತವ್ವನ ಮುಂದೆ ಕೂಗಾಡಿದೆ. ಅವಳು ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದಳು. ನಾಳೆ ಮಳೆ ಎಂದು ನಾನು ಬೆಳಿಗ್ಗೆ ಎದ್ದವನೇ ಹೇಳಿದ್ದೆ.

“ನೀನೂ?” ಎಂದೆ.

“ಮನಿ ನಡೀಬೇಕಲ್ರಿ,” ಎಂದಳು. ತಲೆ ಕೂಡ ಎತ್ತಲಿಲ್ಲ.

ಅವತ್ತು ನಾನು ಉಣ್ಣಲಿಲ್ಲ. ಅಂದರೆ ಮಧ್ಯಾಹ್ನ ಉಣ್ಣಲಿಲ್ಲ, ಸಂಜೆ ಹಸಿವು ತಾಳಲಾಗದೆ ಎರಡು ರೊಟ್ಟಿ ಹೆಚ್ಚೇ ತಿಂದೆ. ನಾಚಿಕೆ ಬಹಳ ಆಗಿತ್ತು. ಆದರೆ ನನ್ನ ಸ್ವಭಾವ ಎಂಥದ್ದೆಂದರೆ, ನಾಚಿಕೆ ಇಳಿಯುವ ಮೊದಲೇ ಅದರ ಮೇಲೊಂದು ಜಾಣತನ ಕೂತಿರುತ್ತದೆ. ಊರು ನನ್ನ ಮಾತನ್ನು ಉಲ್ಟಾ ಹಿಡಿಯುತ್ತದೆ, ಒಪ್ಪಿದೆ. ಹಾಗಾದರೆ ನಾನೇ ಉಲ್ಟಾ ಹೇಳಿದರೆ ಊರು ನೆಟ್ಟಗೆ ನಡೆಯುತ್ತದಲ್ಲ! ಎಂಥ ತಲೆ ನನ್ನದು ಎಂದು ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಈ ಜಾಣತನ ಪ್ರಯೋಗ ಮಾಡಲು ನನಗೆ ಸಿಕ್ಕಿದ್ದು ಹುಚ್ಚವ್ವಕ್ಕ.

ಹುಚ್ಚವ್ವಕ್ಕ ನನಗೆ ದೂರದ ಸಂಬಂಧದಲ್ಲಿ ಅಕ್ಕನಾಗಬೇಕು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗ ಭೀಮೇಶ ಮುಂಡರಗಿಯಲ್ಲಿ ಹಾರ್ಡವೇರ್ ಅಂಗಡಿ ಇಟ್ಟಿದ್ದಾನೆ, ದಿನವೂ ಊರಿನಿಂದಲೇ ಗಾಡಿಯ ಮೇಲೆ ಓಡಾಡುತ್ತಾನೆ. ಹಳ್ಳದ ಆಚೆಯ ಹೊಲವನ್ನು ಅಕ್ಕನೇ ಮಾಡಿಸುತ್ತಾಳೆ. ಹೋದ ವರ್ಷ ಅವಳ ಹೆಸರು ಗಿಡದಲ್ಲೇ ಮೊಳಕೆ ಒಡೆಯಿತು. ಅದರ ಹಿಂದಿನ ವರ್ಷ ಹೂ ಬಿಟ್ಟಾಗ ಮಳೆ ಕೈಕೊಟ್ಟು ಸುಟ್ಟುಹೋಯಿತು. ಅಷ್ಟರಲ್ಲಿ ಸೋಲಾರ್ ಕಂಪನಿಯವರು ಆ ಭಾಗದ ಹೊಲಗಳನ್ನು ಲೀಸಿಗೆ ಕೇಳಿಕೊಂಡು ಬಂದರು.

“ಇದೊಂದು ಮುಂಗಾರಿ ನೋಡವ್ವಾ,” ಎಂದಿದ್ದ ಭೀಮೇಶ. “ಬೆಳಿ ಮನಿಗೆ ಬಂದ್ರ ಹೊಲ ನಿಂದು, ನಾ ಕೇಳೂದಿಲ್ಲ. ಈ ಸಲಾನೂ ಹೋತಂದ್ರ ಸೋಲಾರ ಪ್ಲೇಟ ಹಾಕಿಸೂದ. ಮಳಿ ನಂಬಿ ಎಷ್ಟ ದಿನ ಸಾಯೂದು? ಬಿಸಲರ ನಂಬೂಣು.”

ಹುಡುಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅಕ್ಕ ನನ್ನ ಮುಂದೆ ಬಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಹೊಲ ಬಿಟ್ಟ ನಾ ಏನ ಮಾಡ್ಲೋ ತಮ್ಮಾ? ದಿನಾ ಹೋಗಿ ಪ್ಲೇಟ ಒರಸಿ ಬರಲೇನು?” ಎಂದಾಗ ಹೇಗಾದರೂ ಈ ಬೆಳೆ ಉಳಿಸಿಕೊಡಬೇಕು ಅನ್ನಿಸಿತು. ನಾಲ್ಕು ದಿನ ಹೊಲಕ್ಕೆ ಹೋಗದಿದ್ದರೆ ಜ್ವರ ಬರುವ ಹೆಂಗಸು ಅವಳು.

ಈ ವರ್ಷ ಅವಳ ಹೆಸರು ಕಣ್ಣು ತಾಗುವ ಹಾಗೆ ಬಂದಿತ್ತು. ಮಘೆ ಹುಟ್ಟಿದಾಗ ಮುಕ್ಕಾಲು ಕಾಯಿ ಕಪ್ಪಾಗಿತ್ತು, ಉಳಿದದ್ದು ಹಸಿರು. ನಾಲ್ಕಾರು ದಿನ ಬಿಟ್ಟರೆ ಎಲ್ಲ ಒಂದೇ ಸಲ ಬಿಡಿಸಬಹುದು, ಆಳಿಗೆ ಎರಡು ಸಲ ಬಡಿದಾಡುವುದು ತಪ್ಪುತ್ತದೆ ಎಂದು ಅವಳ ವಿಚಾರ.

ಆವಾಗಲೇ ನನಗೆ ಮಳೆಯ ವಾಸನೆ ಹತ್ತಿತು. ಗುಡ್ಡದ ಫ್ಯಾನುಗಳು, ಮೊಟ್ಟೆ ಹೊತ್ತು ಗೋಡೆ ಏರುವ ಇರುವೆ, ನನ್ನ ಎಡಮೊಣಕಾಲು, ಎಲ್ಲವೂ ಮಳೆ ಎಂದವು. ಯಾರಿಗೂ ಹೇಳಬೇಡಿ, ಧೋತರದ ಗಂಟಿನಲ್ಲಿ ಮೊಬೈಲು ಬಚ್ಚಿಟ್ಟುಕೊಂಡು ಹಿತ್ತಲಲ್ಲಿ ಕದ್ದು ನೋಡುವ ಚಟವೂ ನನಗಿದೆ. ಅದೂ ಮಳೆ ಎಂದಿತು. ಜನ್ಮದಲ್ಲಿ ಮೊದಲ ಸಲ ನಾನು, ಇರುವೆ, ಮೊಬೈಲು ಮೂವರೂ ಒಂದೇ ಮಾತು ಆಡಿದ್ದೆವು. ಬಂದರೆ ನಾಡಿದ್ದೇ ಬರಬೇಕು, ಬಂದರೆ ಬಿಡುವುದಿಲ್ಲ.

ಹುಚ್ಚವ್ವಕ್ಕನಿಗೆ ತಕ್ಷಣ ಕಾಯಿ ಬಿಡಿಸು ಎಂದು ಹೇಳಬೇಕಿತ್ತು. ಯಾರಾದರೂ ಅಷ್ಟೇ ಮಾಡುತ್ತಿದ್ದರು. ಆದರೆ ನಾನು ಜಾಣ ನೋಡಿ. ಮಳೆ ಬರುತ್ತದೆ ಎಂದು ನಾನು ಹೇಳಿದರೆ ಅವಳೂ ಊರಿನ ಹಾಗೆ ಉಲ್ಟಾ ಹಿಡಿದು ಆರಾಮಾಗಿ ಕೂರುತ್ತಾಳೆ, ಬೆಳೆ ಹೋಗುತ್ತದೆ, ಹೊಲ ಹೋಗುತ್ತದೆ. ಮಳೆ ಇಲ್ಲ ಎಂದು ಹೇಳಿದರೆ ಹೆದರಿ ನಾಳೆಯೇ ಬಿಡಿಸುತ್ತಾಳೆ. ಕಟ್ಟೆಯ ಮೇಲೆ ಹೇಳಿದ್ದು ಅವಳ ಕಿವಿಗೆ ಬೀಳುವುದು ತಡವಾದೀತು ಎಂದು ಅವಳ ಮನೆಗೇ ಹೋದೆ.

ಅಕ್ಕ ಚಹಾ ಕೊಟ್ಟು ಎದುರಿಗೆ ಕೂತಳು.

“ಅಕ್ಕಾ, ಇನ್ನ ಎಂಟ ದಿನ ಹನಿ ಬೀಳೂದಿಲ್ಲ,” ಎಂದೆ. “ಕಾಯಿ ಆರಾಮ ಬಲೀಲಿ ಬಿಡು.”

ಅವಳು ನನ್ನ ಮುಖವನ್ನೇ ನೋಡಿದಳು. “ಖರೇನ ತಮ್ಮಾ?”

“ನಿನ್ನ ಮುಂದ ಸುಳ್ಳ ಹೇಳಲೇನವ್ವಾ?”

“ಆತು,” ಎಂದಳು.

ಹೊರಗೆ ಬಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೈ ಮುಟ್ಟಲಿಲ್ಲ, ಮುಟ್ಟಿದ್ದರೆ ಇನ್ನೂ ಜೋರಾಗಿ ತಟ್ಟಿಕೊಳ್ಳುತ್ತಿದ್ದೆ. ಸಂಜೆ ಕಟ್ಟೆಯ ಮೇಲೂ ಅದನ್ನೇ ಹೇಳಿದೆ, ಎಂಟು ದಿನ ಮಳೆ ಇಲ್ಲ ಎಂದು. ಕಳಕಪ್ಪ ಮೈಲಾರಲಿಂಗಪ್ಪನ ತೊಡೆ ಚಿವುಟಿದ್ದು ಕಂಡಿತು. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಹೋದರು. ಬೆಳಗಾಗುವುದರೊಳಗೆ ಊರಿಗೆ ಊರೇ ಹೊಲದಲ್ಲಿತ್ತು. ಆಳಿಗೆ ಕಿತ್ತಾಟ, ಮಶೀನಿಗೆ ಕಿತ್ತಾಟ, ತಾಡಪಾಲು ಹುಡುಕಾಟ. ‘ಹೇಮಪ್ಪ ಮಳಿ ಇಲ್ಲ ಅಂದಾನ, ಜಲ್ದಿ ನಡೀರಿ’ ಎಂದು ಒಬ್ಬಳು ಇನ್ನೊಬ್ಬಳಿಗೆ ಕೂಗಿ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಕೋಪ ಬರಬೇಕಿತ್ತು, ನಗು ಬಂತು. ನಾನೂ ಅಮೃತವ್ವನೂ ನಮ್ಮ ಹೆಸರು ಬಿಡಿಸುವುದರಲ್ಲಿ ಬಿದ್ದೆವು. ಹಳ್ಳದ ಆಚೆ ನೋಡಲು ಪುರುಸೊತ್ತಾಗಲಿಲ್ಲ. ನೋಡುವ ಅಗತ್ಯವಾದರೂ ಏನಿತ್ತು? ಲೆಕ್ಕ ನಾನೇ ಹಾಕಿದ್ದು.

ಮರುದಿನ ಸಂಜೆ ನಮ್ಮ ರಾಶಿಯ ಮೇಲೆ ತಾಡಪಾಲು ಎಳೆಯುವಾಗ ಮೊದಲ ಹನಿ ಬಿತ್ತು. ಅಬ್ಬಾ, ಎಂಥ ಖುಷಿ! ನಾನು ಹೇಳಿದ್ದು ನಿಜವಾಗಿತ್ತು. ಹೇಳಿದ್ದಲ್ಲ, ಹೇಳದೇ ಇದ್ದದ್ದು.

“ನೋಡಿದೇನು?” ಎಂದೆ ಹೆಂಡತಿಗೆ. “ಊರ ಉಳೀತು. ಹುಚ್ಚವ್ವಕ್ಕನ ಹೊಲಾನೂ ಉಳೀತು.”

“ಎಲ್ಲಿ ಉಳೀತ್ರಿ?” ಎಂದಳು ಅಮೃತವ್ವ. “ಅಕಿ ಹೊಲಕ್ಕ ಒಂದ ಆಳೂ ಬಂದಿಲ್ಲ. ನಿಂತ ಬೆಳಿ ನಿಂತಂಗ ಐತಿ. ನಾ ಮಧ್ಯಾನ ಬುತ್ತಿ ತರುವಾಗ ನೋಡೀನಿ.”

ತಾಡಪಾಲು ಕೈಯಿಂದ ಜಾರಿತು. ಓಡಿದೆ. ನನ್ನ ವಯಸ್ಸಿನವರು ಓಡಿದರೆ ಅದಕ್ಕೆ ಓಟ ಎನ್ನುವುದಿಲ್ಲ, ಆದರೂ ಓಡಿದೆ. ಅವಳ ಮನೆ ಮುಟ್ಟುವುದರೊಳಗೆ ಮಳೆ ಜಡಿ ಹಿಡಿದಿತ್ತು. ಅಕ್ಕ ಬಾಗಿಲಲ್ಲಿ ಕಂಬಕ್ಕೆ ಆತುಕೊಂಡು ಕೂತು ಮಳೆ ನೋಡುತ್ತಿದ್ದಳು.

“ಯಾಕ ಬಿಡಸಲಿಲ್ಲ ಅಕ್ಕಾ?” ಎಂದು ಕಿರುಚಿದೆ. ತಪ್ಪು ನನ್ನದಾದಾಗ ನಾನು ಮೊದಲು ಕಿರುಚುವುದು.

“ನೀನ ಹೇಳಿದೆಲ್ಲೋ, ಎಂಟ ದಿನ ಇಲ್ಲಂತ.”

“ಊರೆಲ್ಲಾ ನನ್ನ ಮಾತು ಉಲ್ಟಾ ಹಿಡೀತೈತಿ. ನಿನಗ ಗೊತ್ತಿಲ್ಲೇನು?”

“ಗೊತ್ತೈತಿ. ನಾನೂ ಹಂಗ ಹಿಡೀತಿದ್ದೆ.” ಅವಳು ಮಳೆಯಿಂದ ಕಣ್ಣು ತೆಗೆಯಲಿಲ್ಲ. “ಕಟ್ಟಿ ಮ್ಯಾಲ ನೀ ಹೇಳೂದು ಬಡಾಯಿ, ಅದು ಎಲ್ಲಾರಿಗೂ ಗೊತ್ತು. ಮೊನ್ನೆ ನೀ ಮನಿಗೆ ಬಂದಿ. ಇಷ್ಟ ವರ್ಷದಾಗ ಮಳಿ ಹೇಳಾಕಂತ ನನ್ನ ಮನಿ ಹೊಸ್ತಿಲಾ ದಾಟಿದಾವಲ್ಲ ನೀ. ಮನಿಗೆ ಬಂದ ಹೇಳಾಕತ್ತಾನಂದ್ರ ತಮ್ಮ ಖರೆ ಹೇಳಾಕತ್ತಾನ ಅಂದ್ಕೊಂಡು, ಮಂದಿ ಬಿಡಸೂದ ನೋಡಿದ್ರೂ ಆರಾಮ ಕುಂತೆ.”

ನನ್ನ ಬಾಯಿ ಒಣಗಿತು. ಹೊರಗೆ ಅಷ್ಟು ನೀರು ಸುರಿಯುತ್ತಿತ್ತು. ನಾನು ಮಾಡಿದ್ದನ್ನು ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ತಿರುಗಿ ಜಗಳಾಡಿ ಹಗುರಾಗುತ್ತಿದ್ದೆ. “ಹೋಗು, ನೆನಿಬ್ಯಾಡ,” ಎಂದಳು ಅಷ್ಟೇ.

ಮಘೆ ಬಿಡಲಿಲ್ಲ. ಕಡೆಗೆ ಮಳೆ ನಿಂತು ಹೊಳವಾದ ದಿನ ಭೀಮೇಶ ಅವ್ವನನ್ನು ಕರೆದುಕೊಂಡು ಹೊಲಕ್ಕೆ ಹೋದ. ಕರೆಯದಿದ್ದರೂ ಹಿಂದಿನಿಂದ ನಾನೂ ಹೋದೆ. ಕಾಯಿ ಸೀಳಿಕೊಂಡು ಬಿಳಿ ಮೊಳಕೆಗಳು ಹೊರಗೆ ಬಂದಿದ್ದವು. ಭೀಮೇಶ ಒಂದು ಗಿಡ ಕಿತ್ತು ನೋಡಿ ಬಿಸಾಕಿದ.

“ಆತಲ್ಲವ್ವಾ. ಇನ್ನ ಸಾಕು.”

“ಅಕಿದು ತಪ್ಪಲ್ಲ ಭೀಮೇಶಿ, ನಂದು,” ಎಂದೆ ನಾನು. ಮತ್ತೊಮ್ಮೆ ಎಲ್ಲ ಹೇಳಿದೆ. ಎರಡನೆಯ ಸಲ ಹೇಳುವಾಗ ಇನ್ನೂ ಹೊಲಸಾಗಿ ಕೇಳಿಸಿತು.

ಭೀಮೇಶ ಕೈಗೆ ಹತ್ತಿದ ಮಣ್ಣು ಕೊಡವಿಕೊಂಡ. “ಮಾವಾ, ಊರ ಮಂದಿ ನಿಮ್ಮ ಮಾತು ಉಲ್ಟಾ ಹಿಡದು ಬದುಕಿದ್ರು. ನಮ್ಮವ್ವ ಒಬ್ಬಾಕಿ ನೆಟ್ಟಗ ನಂಬಿ ಕೆಟ್ಟಳು ನೋಡ್ರಿ.”

ಅಕ್ಕ ನಮ್ಮಿಬ್ಬರ ಮಾತು ಕೇಳುತ್ತಲೇ ಇರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಮೊಣಕೈವರೆಗೆ ಮಣ್ಣಿನಲ್ಲಿ ಕೈ ಇಳಿಸಿದ್ದಳು.

“ಭೀಮೇಶಿ, ಇಲ್ಲಿ ಬಾ. ಕೈ ಹಾಕ ನೋಡು,” ಎಂದಳು. “ಕೆಳಗಿನ ತನಾ ಹಸಿ ಇಳದೈತಿ. ಕಾಳ ಕೊಂದ ಮಳಿನ ಹಿಂಗಾರಿಗೆ ನೀರ ಉಣಿಸಿ ಹೋಗೈತಿ. ಬಿಳಿಜೋಳ ಹಾಕ್ತೀನಿ, ನಡಕ ಕಡ್ಲಿ, ಬದುವಿಗೆ ಕುಸಬಿ. ಒಂದ ಹೋದ್ರ ಒಂದ ಬರತೈತಿ. ಹಿಂಗಾರಿ ಒಂದ ಬಿಡು, ಆಮ್ಯಾಲ ನಿನ್ನ ಪ್ಲೇಟ ಹಾಕು. ನಾ ಅಡ್ಡ ಬರೂದಿಲ್ಲ.”

ಭೀಮೇಶ ಬಗ್ಗಿ ಕೈ ಹಾಕಲಿಲ್ಲ. ಬದುವಿನ ಮೇಲೆ ಸ್ವಲ್ಪ ಹೊತ್ತು ತಿರುಗಾಡಿ ಬಂದ.

“ಇದ ಕಡಿಗೆ. ಹಿಂಗಾರಿ ಬರಲಿಲ್ಲಂದ್ರ ಮತ್ತ ಮಾತಿಲ್ಲ,” ಎಂದ. ಆಮೇಲೆ ನನ್ನ ಕಡೆ ಬೆರಳು ತೋರಿಸಿದ. “ಮತ್ತ ಮಾವಾ ಈ ಹೊಲದ ವಿಚಾರಕ್ಕ ಬಾಯಿ ಬಿಡಂಗಿಲ್ಲ. ಉಲ್ಟಾನೂ ಬ್ಯಾಡ, ನೆಟ್ಟಗೂ ಬ್ಯಾಡ.”

ಒಪ್ಪಿಕೊಂಡೆ. ನಮ್ಮ ಊರಲ್ಲಿ ಗಂಡಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಕೊಟ್ಟದ್ದನ್ನು ನಾನು ಕೇಳಿಲ್ಲ.

ಬಿತ್ತುವ ಹೊತ್ತಿಗೂ ಎರೆಮಣ್ಣು ಇನ್ನೂ ಮೆತ್ತಗಿತ್ತು. ಟ್ರ್ಯಾಕ್ಟರ್ ಇಳಿಸಿದರೆ ಹೂತುಕೊಳ್ಳುತ್ತದೆ ಎಂದು ನನ್ನ ಎತ್ತುಗಳನ್ನೇ ಕೂರಿಗೆಗೆ ಕಟ್ಟಿಕೊಂಡು ಹೋದೆ. ನಾನು ಎತ್ತು ಹೊಡೆದೆ, ಅಕ್ಕ ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಬೀಜ ಬಿಟ್ಟಳು. ಸಾಲು ಮುಗಿದು ಸಾಲು ಹಿಡಿಯುವಾಗಲೆಲ್ಲ ಆಕಾಶ ಕಾಣುತ್ತಿತ್ತು, ನನಗೆ ನಾಲಿಗೆ ತುರಿಸುತ್ತಿತ್ತು. ಎತ್ತುಗಳಿಗೆ ಮಾತ್ರ ಹೋ, ಹೋ ಎಂದೆ. ಅದಕ್ಕೂ ಭೀಮೇಶನ ಪರವಾನಗಿ ಬೇಕೇನೋ ಎಂದು ಒಮ್ಮೆ ಅನ್ನಿಸಿತು.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅಕ್ಕ ನನಗೇ ಮೊದಲು ಹಾಕಿಕೊಟ್ಟಳು.

“ಹೇಳೋ ತಮ್ಮಾ,” ಎಂದಳು. “ಮುಂದ ಮಳಿ ಹೆಂಗ? ಜೋಳ ತೆನಿ ಹಿಡೀತೈತೇನು?”

“ಬ್ಯಾಡಕ್ಕಾ. ನಿನ್ನ ಮಗ ಬೈತಾನ.”

“ಅವಾ ಅಂಗಡ್ಯಾಗ ಅದಾನ. ನಾ ಕೇಳಾಕತ್ತೀನಿ. ಮನಸಿನಾಗ ಇದ್ದದ್ದ ಹೇಳು.”

ನೋಡಿದೆ. ಮೋಡ ಇತ್ತು, ಇಲ್ಲದ ಹಾಗೆಯೂ ಇತ್ತು. ಗಾಳಿ ಬೀಸುತ್ತಿತ್ತು, ಎಲ್ಲಿಂದ ಎಂದು ಹೇಳಲು ಬರುವ ಹಾಗಿರಲಿಲ್ಲ. ಅಪ್ಪ ಹೇಳಿಕೊಟ್ಟ ಒಂದೊಂದು ಮಳೆಯ ಗಾದೆಯನ್ನೂ ಮನಸ್ಸಿನಲ್ಲಿ ತಿರುವಿ ನೋಡಿದೆ, ಯಾವುದೂ ಕೈಗೆ ಹತ್ತಲಿಲ್ಲ. ಈ ಹೊಲ ಅವಳ ಕೈಯಲ್ಲಿ ಉಳಿಯುವುದು ಇದೊಂದು ಬೆಳೆಯ ಮೇಲೆ ನಿಂತಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

“ನನಗ ಗೊತ್ತಿಲ್ಲಕ್ಕಾ,” ಎಂದೆ.

ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು, ಕಣ್ಣಲ್ಲಿ ನೀರು ಬಂತು.

“ಅವತ್ತ ಮನಿಗೆ ಬಂದಾಗ ಇಷ್ಟ ಅಂದಿದ್ರ ಸಾಕಿತ್ತಲ್ಲೋ,” ಎಂದಳು. “ಗೊತ್ತಿಲ್ಲ ಅಂದಿದ್ರ ಹೆದರಿ ಬಿಡಿಸಿಬಿಡತಿದ್ದೆ.”

ಕೈ ತೊಳೆದು, ಸೆರಗು ಸೊಂಟಕ್ಕೆ ಸಿಗಿಸಿ, ಉಡಿಗೆ ಜೋಳ ತುಂಬಿಕೊಂಡಳು. ನಾನು ಎದ್ದು ಎತ್ತು ಹೂಡಿದೆ.